ಉಪಗ್ರಹಕ್ಕೆ ಲೇಸರ್: ಮಿಲಿಮೀಟರ್ ಎಲ್ಲೆಲ್ಲಿ ಸೋರುತ್ತದೆ

ನೆಲದಿಂದ ಲೇಸರ್ ಪಲ್ಸ್ ಬಿಟ್ಟು, ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಉಪಗ್ರಹದ ಪ್ರಿಸ್ಮ್‌ಗೆ ತಗುಲಿ ಅದು ವಾಪಸ್ ಬರುವ ಹೊತ್ತನ್ನು ಅಳೆದರೆ ದೂರ ಸಿಗುತ್ತದೆ. ತತ್ವ ಇಷ್ಟೇ. ಆದರೆ ಹೊತ್ತಿನಲ್ಲಿ 1 ನ್ಯಾನೊಸೆಕೆಂಡ್ ಹೆಚ್ಚುಕಮ್ಮಿಯಾದರೆ ದೂರದಲ್ಲಿ 15 ಸೆಂ.ಮೀ. ಹೋಯಿತು. 1964ರಲ್ಲಿ ಅಮೆರಿಕದ ಗೊಡಾರ್ಡ್ ಕೇಂದ್ರದವರು ಎಕ್ಸ್‌ಪ್ಲೋರರ್-22 ಉಪಗ್ರಹದಿಂದ ಮೊದಲ ಮರುಬೆಳಕು ಹಿಡಿದಾಗ ಕೆಲವು ಮೀಟರ್ ತಪ್ಪಿದರೂ ಅದೇ ಸಾಧನೆ. ಈಗ ಭೂವಿಜ್ಞಾನಿಗಳು ಕೇಳುತ್ತಿರುವುದು 1 ಮಿ.ಮೀ.; ಅಂದರೆ ತಪ್ಪಲು ಅವಕಾಶ ಸುಮಾರು 7 ಪಿಕೊಸೆಕೆಂಡ್ ಅಷ್ಟೆ.

ಈ ಅಳತೆಗೆಂದೇ 1976ರಲ್ಲಿ ನಾಸಾ ಹಾರಿಸಿದ ಲೇಜಿಯೋಸ್-1ರಲ್ಲಿ ಬ್ಯಾಟರಿ ಇಲ್ಲ, ರೇಡಿಯೊ ಇಲ್ಲ. 60 ಸೆಂ.ಮೀ. ಅಡ್ಡಳತೆಯ, 400 ಕಿಲೊ ಮೀರಿದ ಲೋಹದ ಗುಂಡು, ಮೈತುಂಬ 426 ಪ್ರಿಸ್ಮ್. ಗಾತ್ರಕ್ಕೆ ಮೀರಿದ ತೂಕ ಇರುವುದರಿಂದ ಬಿಸಿಲಿನ ಒತ್ತಡಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಅದು ಸೆಕೆಂಡಿಗೆ 5.7 ಕಿ.ಮೀ. ಓಡುತ್ತಿರುತ್ತದೆ; ಈ ಓಟದಿಂದಾಗಿ, ಪ್ರಿಸ್ಮ್‌ನ ಮುಖಗಳ ನಡುವೆ ಕರಾರುವಾಕ್ಕಾಗಿ 90 ಡಿಗ್ರಿ ಇದ್ದರೆ ಮರಳಿದ ಬೆಳಕಿನ ನಡುಭಾಗ ಟೆಲಿಸ್ಕೋಪಿನಿಂದ 200 ಮೀಟರಿಗೂ ಆಚೆ ಬೀಳುತ್ತದೆ. ಅದಕ್ಕೇ ಕೋನವನ್ನು ಬೇಕೆಂದೇ 1.25 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಕೆಡಿಸಿ, ಬೆಳಕು ಅಗಲಕ್ಕೆ ಹರಡುವಂತೆ ಮಾಡಿದ್ದಾರೆ.

ಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 532 ನ್ಯಾನೊಮೀಟರ್‌ನ ಹಸಿರು ಲೇಸರ್. ಡಿಟೆಕ್ಟರನ್ನು ಸದಾ ತೆರೆದಿಟ್ಟರೆ ಆಕಾಶದ ಬೆಳಕೇ ತುಂಬಿಕೊಳ್ಳುತ್ತದೆ. ಆದ್ದರಿಂದ ಕಕ್ಷೆಯ ಮುನ್ಸೂಚನೆ ನೋಡಿ, ಮರುಬೆಳಕು ಬರುವುದಕ್ಕೆ ಸ್ವಲ್ಪ ಮೊದಲಷ್ಟೇ ಗೇಟ್ ತೆರೆಯಬೇಕು. ಕೆಳಕಕ್ಷೆಯ ಉಪಗ್ರಹ ಗಾಳಿಯ ಎಳೆತಕ್ಕೆ ಸಿಕ್ಕಿ ಕೆಲವು ಮಿಲಿಸೆಕೆಂಡ್ ಆಚೀಚೆಯಾದರೆ ಗೇಟ್ ಖಾಲಿ. ಆಗ ಟೈಮ್ ಬಯಾಸ್, ಅಂದರೆ ಉಪಗ್ರಹ ಮುನ್ಸೂಚನೆಗಿಂತ ಎಷ್ಟು ಮುಂಚೆ ಇಲ್ಲವೇ ತಡ ಎಂಬುದನ್ನು, ತಿದ್ದುತ್ತ ಹುಡುಕುವುದೇ ದಾರಿ. ಆಸ್ಟ್ರಿಯಾದ ಗ್ರಾಜ್ ಸ್ಟೇಷನ್‌ನಂತೆ ಸೆಕೆಂಡಿಗೆ 2000 ಪಲ್ಸ್ ಬಿಡುವಲ್ಲಿ ಬೇರೆ ಕಾಟ. ಲೇಜಿಯೋಸ್‌ಗೆ ಹೋಗಿಬರಲು 39ರಿಂದ 57 ಮಿಲಿಸೆಕೆಂಡ್ ಬೇಕು. ಒಂದೇ ಹೊತ್ತಿಗೆ ನೂರರ ಆಸುಪಾಸು ಪಲ್ಸ್ ದಾರಿಯಲ್ಲಿರುತ್ತವೆ. ಹೊಸ ಪಲ್ಸ್ ಹೊರಟು ಗಾಳಿಯಲ್ಲಿ ಚದುರುವ ಗಳಿಗೆಗೇ ಹಳೆಯದು ಮರಳಿದರೆ ಅದು ಆ ಗದ್ದಲದಲ್ಲಿ ಮುಳುಗುತ್ತದೆ. ಹೊಡೆಯುವ ಕ್ಷಣವನ್ನು ತುಸು ಸರಿಸಿ ಇದನ್ನು ತಪ್ಪಿಸುತ್ತಾರೆ.

ಅಳತೆ ಅತ್ತಿತ್ತ ಚದುರಿದರೆ ಚಿಂತೆಯಿಲ್ಲ. ಲೇಜಿಯೋಸ್‌ನ 2 ನಿಮಿಷದ ಅಳತೆಗಳನ್ನು ಸೇರಿಸಿ ಒಂದು ನಾರ್ಮಲ್ ಪಾಯಿಂಟ್ (ಸರಾಸರಿ ಬಿಂದು) ತೆಗೆದಾಗ ಅದು ಬಹುಮಟ್ಟಿಗೆ ಕರಗುತ್ತದೆ. ಕಾಡುವುದು ಒಂದೇ ಕಡೆಗೆ ವಾಲುವ ತಪ್ಪು. ಗಾಳಿ ಬೆಳಕನ್ನು ತಡಮಾಡುತ್ತದೆ, ಎಷ್ಟೆಂದು ವಾಯುಭಾರ ನೋಡಿ ಲೆಕ್ಕ ಹಾಕುತ್ತಾರೆ; ಬ್ಯಾರೋಮೀಟರ್ 1 ಹೆಕ್ಟೋಪಾಸ್ಕಲ್ ಸುಳ್ಳು ಹೇಳಿದರೆ ನೆತ್ತಿಯ ನೇರಕ್ಕೆ ಸುಮಾರು 2.4 ಮಿ.ಮೀ., 20 ಡಿಗ್ರಿ ಎತ್ತರದಲ್ಲಿ ಅದರ ಹೆಚ್ಚುಕಡಿಮೆ ಮೂರು ಪಟ್ಟು. ಡಿಟೆಕ್ಟರ್‌ಗೆ ಒಂಟಿ ಫೋಟಾನ್ ಬರುತ್ತಿದೆಯೋ, ಹಿಂಡಾಗಿ ಬರುತ್ತಿವೆಯೋ ಎಂಬುದರ ಮೇಲೆ ಗುಂಡಿನ ಯಾವ ಆಳಕ್ಕೆ ಅಳೆದೆವು ಎನ್ನುವುದೇ ಬದಲಾಗುತ್ತದೆ. ಲೇಜಿಯೋಸ್‌ನ ಕೇಂದ್ರಕ್ಕೆಂದು ಸೇರಿಸುವ ರೂಢಿಯ 251 ಮಿ.ಮೀ. ಕೆಲವು ಸ್ಟೇಷನ್‌ಗಳಿಗೆ ಹಲವು ಮಿ.ಮೀ. ಜಾಸ್ತಿಯೇ. ಇಂಗ್ಲೆಂಡಿನ ಹರ್ಸ್ಟ್‌ಮನ್ಸೂ ಸ್ಟೇಷನ್ ಬರುವ ಬೆಳಕನ್ನು ಬೇಕೆಂದೇ ತಗ್ಗಿಸಿ ಒಂಟಿ ಫೋಟಾನ್ ಮಟ್ಟದಲ್ಲಿ ಇಟ್ಟುಕೊಳ್ಳುವುದು ಇದಕ್ಕೇ. ಕೇಬಲ್, ಎಲೆಕ್ಟ್ರಾನಿಕ್ಸ್‌ಗಳ ವಿಳಂಬ ಕಳೆಯಲು, ಸರ್ವೆ ಮಾಡಿಟ್ಟ ನೆಲದ ಗುರಿಗೆ ಹೊಡೆದು ಕ್ಯಾಲಿಬ್ರೇಟ್ ಮಾಡುತ್ತಾರೆ. ಆದರೆ ಹತ್ತಿರದ ಗುರಿಗೆ ಸರಿಯಿದ್ದ ಟೈಮರ್ 6000 ಕಿ.ಮೀ.ಗೂ ಸರಿಯಿರಬೇಕೆಂದಿಲ್ಲ, ಹೊತ್ತಿನ ಅಂತರ ಅಳೆಯುವ ಹಳೆಯ ಇಂಟರ್ವಲ್ ಕೌಂಟರ್‌ಗಳಲ್ಲಿ ಇಂಥ ಮಿಲಿಮೀಟರ್‌ಗಳು ವರ್ಷಗಟ್ಟಲೆ ಅಡಗಿ ಕೂತಿದ್ದವು.

ಸ್ಟೇಷನ್‌ನವರ ಕೈಮೀರಿದ ತಪ್ಪೂ ಒಂದಿದೆ. ಮೋಡ ಕವಿದರೆ ಲೇಸರ್‌ಗೆ ಕೆಲಸವಿಲ್ಲ. ತಿಳಿಯಾಕಾಶ ಇರುವಾಗ ಸಾಮಾನ್ಯವಾಗಿ ವಾಯುಭಾರ ಹೆಚ್ಚು. ಆ ಭಾರಕ್ಕೆ ನೆಲ ತುಸು ಕುಗ್ಗಿರುತ್ತದೆ. ಕುಗ್ಗಿದ ದಿನಗಳಲ್ಲೇ ಅಳೆಯುವುದರಿಂದ ಸ್ಟೇಷನ್‌ನ ಸರಾಸರಿ ಎತ್ತರವೇ ತಗ್ಗಿ ಕಾಣುತ್ತದೆ, ಸಮುದ್ರದಿಂದ ದೂರವಿರುವೆಡೆ ಇನ್ನೂ ಹೆಚ್ಚು.

ಇಷ್ಟು ಜಿಪುಣತನ ಯಾಕೆ? ಭೂಮಿಯ ಮೇಲಿನ ಸ್ಥಾನಗಳನ್ನೆಲ್ಲ ಅಳೆಯಲು ಜಗತ್ತು ಬಳಸುವ ಐಟಿಆರ್‌ಎಫ್ ಚೌಕಟ್ಟಿನ ಮೂಲಬಿಂದು, ಅಂದರೆ ಭೂಮಿಯ ದ್ರವ್ಯರಾಶಿ ಕೇಂದ್ರ, ಸಿಗುವುದು ಈ ಅಳತೆಗಳಿಂದಲೇ. ಆ ಬಿಂದು ಜಾರಿದರೆ ವರ್ಷಕ್ಕೆ ಮೂರು-ನಾಲ್ಕು ಮಿ.ಮೀ. ಏರುವ ಸಮುದ್ರಮಟ್ಟದ ಲೆಕ್ಕವೂ ಜಾರುತ್ತದೆ. ಭೂಮಿಯ ಗುರುತ್ವ ಅಳೆಯುವ ಗ್ರೇಸ್ ಉಪಗ್ರಹಗಳು ಹಿಮ ಕರಗುವುದನ್ನು ಚೆನ್ನಾಗಿ ತೂಗಿದರೂ ಭೂಮಿಯ ಚಪ್ಪಟೆತನವನ್ನು ಹೇಳುವ ಸಿ20 ಅಂಕಿ ಅವುಗಳ ಕೈಗೆ ಸರಿಯಾಗಿ ಸಿಗದು; ಅದನ್ನು ತೆಗೆದು ಲೇಸರ್‌ನ ಅಂಕಿ ಹಾಕುತ್ತಾರೆ. ಸಮುದ್ರಮಟ್ಟ ಅಳೆಯಲು 1998ರಲ್ಲಿ ಹಾರಿದ ಜಿಯೋಸ್ಯಾಟ್ ಫಾಲೋ-ಆನ್ ಉಪಗ್ರಹದಲ್ಲಿ ಜಿಪಿಎಸ್ ಕೈಕೊಟ್ಟಾಗ ಅದರ ನಿಖರ ಕಕ್ಷೆಗೆ ಮುಖ್ಯ ಆಸರೆಯಾಗಿದ್ದೂ ಲೇಸರೇ.

ಜಿಪಿಎಸ್‌ನಂತೆ ದಾರಿ ತೋರುವ ನಮ್ಮ ನಾವಿಕ್ ಉಪಗ್ರಹಗಳೂ ಪ್ರತಿಫಲಕ ಹೊತ್ತಿವೆ, ಹೊರದೇಶದ ಸ್ಟೇಷನ್‌ಗಳು ಅವಕ್ಕೆ ಲೇಸರ್ ಹೊಡೆದಿವೆ. ಆದರೆ ಅವು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಮರುಬೆಳಕು ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕುಂದುತ್ತದೆ: ಪ್ರತಿಫಲಕ ಅಷ್ಟೇ ಇದ್ದು ದೂರ ಲೇಜಿಯೋಸ್‌ನ ಆರು ಪಟ್ಟಾದರೆ ಸಿಗುವುದು ಸುಮಾರು 1300ರಲ್ಲಿ ಒಂದು ಪಾಲು. ಅದಕ್ಕೇ ಅಲ್ಲಿ 2 ನಿಮಿಷ ಸಾಲದು, 5 ನಿಮಿಷದ ಅಳತೆ ಸೇರಿಸಿ ಒಂದು ನಾರ್ಮಲ್ ಪಾಯಿಂಟ್ ಮಾಡುತ್ತಾರೆ.