ಆ ಪ್ರೊಫೆಸರ್ ಯಾಕೆ ಓಡಿಹೋಗಲಿಲ್ಲ?

ಒಂಬತ್ತು ವರ್ಷದಿಂದ ಭಾನುವಾರ ಸಂಜೆ ಮಕ್ಕಳಿಗೆ ವಿಜ್ಞಾನದ ಸಾಹಸಕಥೆ ಹೇಳುತ್ತಿದ್ದೇನೆ. ಕುಂದಾಪುರದ ಹತ್ತಿರ, ನಮ್ಮೂರ ಶಾಲೆಯ ಜಗಲಿಯಲ್ಲಿ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರೂ ಕೂತುಬಿಡುತ್ತಾರೆ. ಜೂಲ್ಸ್ ವರ್ನ್‌ನ ಸಬ್‌ಮರೀನ್ ಕಥೆಗೆ ಆರು ಭಾನುವಾರ ಬೇಕು. ಆರನೇ ವಾರ ಕಥೆ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಆ ಪ್ರೊಫೆಸರ್ ಯಾಕೆ ಓಡಿಹೋಗಲಿಲ್ಲ?’

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದಿಡುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1869-70ರಲ್ಲಿ ಫ್ರೆಂಚ್‌ನಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು, ಇಂಗ್ಲಿಷಿನಲ್ಲಿ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’. ಸಮುದ್ರದಲ್ಲಿ ಹಡಗುಗಳಿಗೆ ಡಿಕ್ಕಿ ಹೊಡೆಯುತ್ತಿರುವ ಯಾವುದೋ ದೈತ್ಯ ಪ್ರಾಣಿಯನ್ನು ಕೊಲ್ಲಲು ಅಮೆರಿಕದ ಯುದ್ಧನೌಕೆಯೊಂದು ಹೊರಡುತ್ತದೆ. ಅದರಲ್ಲಿ ಪ್ಯಾರಿಸ್ಸಿನ ಪ್ರೊಫೆಸರ್ ಅರೋನಾ, ಅವನ ಸೇವಕ ಕಾನ್ಸೇ, ಕೆನಡಾದ ತಿಮಿಂಗಿಲ ಬೇಟೆಗಾರ ನೆಡ್ ಲ್ಯಾಂಡ್ ಇರುತ್ತಾರೆ. ಹತ್ತಿರ ಹೋದಾಗ ಅದು ಪ್ರಾಣಿಯೇ ಅಲ್ಲ, ನಾಟಿಲಸ್ ಎಂಬ ಸಬ್‌ಮರೀನ್. 1867ರ ನವೆಂಬರಿನಲ್ಲಿ ಮೂವರೂ ನೀರಿಗೆ ಬಿದ್ದು ಅದರ ಒಡೆಯ ಕ್ಯಾಪ್ಟನ್ ನಿಮೋನ ಕೈಗೆ ಸಿಗುತ್ತಾರೆ. ಏಳು ತಿಂಗಳಿಗೂ ಜಾಸ್ತಿ ಅದರೊಳಗೇ ಕಳೆಯುತ್ತಾರೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಯೇ ನನಗೆ ಆಗುವುದಿಲ್ಲ. ‘ಅಷ್ಟು ಓದಿದವನು, ಸುಮ್ನೆ ಕೂತಿದ್ದನಲ್ಲ.’ ‘ನಾನಾಗಿದ್ರೆ ಮೊದಲನೇ ದಿನವೇ ಹಾರ್ತಿದ್ದೆ.’ ಎಲ್ಲಿಗೆ ಹಾರುತ್ತಿದ್ದಿರಿ? ಪೆಸಿಫಿಕ್ ಸಾಗರದ ನಡುವಿಗಾ? ಮೂರು ವರ್ಷದ ಹಿಂದೆ ಒಬ್ಬರು, ಒಳ್ಳೆಯ ಮನುಷ್ಯರೇ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರು: ‘ಅದೆಂಥ ಸೆರೆ ಸರ್? ಹೊತ್ತು ಹೊತ್ತಿಗೆ ಊಟ. ಓದೋಕೆ ಪುಸ್ತಕ. ಹೊಡೆಯೋರಿಲ್ಲ, ಬಡಿಯೋರಿಲ್ಲ. ಅವನಿಗೇ ಹೋಗೋಕೆ ಮನಸ್ಸಿರಲಿಲ್ಲ ಅಷ್ಟೆ.’ ಅವತ್ತು ನಾನು ಎಲ್ಲರೆದುರು ಅವರ ಮೇಲೆ ರೇಗಿದೆ. ಮಗು ಹೆದರಿತು. ಆಮೇಲೆ ಕ್ಷಮೆ ಕೇಳಿದೆ. ಆದರೆ ಯಾಕೆ ರೇಗಿದೆ ಅಂತ ಹೇಳಲಿಲ್ಲ. ಇವತ್ತು ಹೇಳುತ್ತೇನೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ನಿಮೋ ಪ್ರೊಫೆಸರನನ್ನು ಹೇಗೆ ಹಿಡಿದಿಟ್ಟ ಅಂತ ನೋಡಿ. ಸಂಕೋಲೆ ಹಾಕಲಿಲ್ಲ. ಸಮುದ್ರತಳದ ಬಗ್ಗೆ ಅರೋನಾ ಬರೆದ ಪುಸ್ತಕ ಅವನ ಹತ್ತಿರ ಮೊದಲೇ ಇತ್ತು, ಓದಿದ್ದ. ನೆಲದ ಮೇಲೆ ಕೂತು ಎಷ್ಟು ತಿಳಿಯಬಹುದೋ ಅಷ್ಟು ತಿಳಿದಿದ್ದೀರಿ, ಉಳಿದದ್ದನ್ನು ನಾನು ತೋರಿಸುತ್ತೇನೆ ಅಂದ. 12,000 ಪುಸ್ತಕಗಳಿದ್ದ ಗ್ರಂಥಾಲಯದ ಬಾಗಿಲು ತೆರೆದಿಟ್ಟ. ದೊಡ್ಡ ಗಾಜಿನ ಕಿಟಕಿಯಾಚೆ ಇಡೀ ಸಮುದ್ರವಿತ್ತು. ಇಡೀ ಜೀವಮಾನ ಸತ್ತ ಮೀನುಗಳನ್ನು ನೋಡಿ ಪುಸ್ತಕ ಬರೆದವನ ಎದುರು ಜೀವಂತ ಮೀನುಗಳು ಈಜಿದರೆ ಅವನಿಗೆ ಹೇಗಾಗಬೇಡ!

ಷರತ್ತು ಒಂದೇ. ನಾನು ಹೇಳಿದಾಗ ನಿಮ್ಮ ಕೋಣೆಯೊಳಗೆ ಹೋಗಬೇಕು, ಏನು ನಡೆಯಿತು ಅಂತ ನೋಡಬಾರದು. ಅರೋನಾ ಒಪ್ಪಿಕೊಂಡ. ನನ್ನ ಪ್ರಕಾರ ಇಡೀ ಕಾದಂಬರಿಯಲ್ಲಿ ಅವನು ಮಾಡಿದ ಮೊದಲ ರಾಜಿ ಇದು, ಎಲ್ಲಕ್ಕಿಂತ ದೊಡ್ಡದೂ ಇದೇ. ನೋಡಬಾರದ್ದನ್ನು ನೋಡುವುದಿಲ್ಲ ಅಂತ ಮಾತು ಕೊಟ್ಟನಲ್ಲ, ಅದೂ ನೋಡುವುದೇ ಕಸುಬಾಗಿದ್ದ ಮನುಷ್ಯ! ನೆಡ್ ಮಾತ್ರ ಅಲ್ಲೇ ಹೇಳಿದ: ತಪ್ಪಿಸಿಕೊಳ್ಳುವುದಿಲ್ಲ ಅಂತ ನಾನು ಮಾತು ಕೊಡುವುದಿಲ್ಲ. ನಿಮ್ಮ ಮಾತು ನನಗೆ ಬೇಕಿಲ್ಲ ಅಂದ ನಿಮೋ.

ಆಮೇಲೆ ಹಿಂದೂ ಮಹಾಸಾಗರದಲ್ಲಿ ಒಂದು ದಿನ ನಿಮೋ ದೂರದಲ್ಲಿ ಏನನ್ನೋ ನೋಡುತ್ತಾನೆ. ಅರೋನಾ ದುರ್ಬೀನು ಕಣ್ಣಿಗೆ ಹಿಡಿಯುವ ಮೊದಲೇ ಅದನ್ನು ಕಿತ್ತುಕೊಳ್ಳುತ್ತಾನೆ. ಮೂವರನ್ನೂ ಒಳಗೆ ಹಾಕುತ್ತಾರೆ. ಊಟದಲ್ಲಿ ನಿದ್ದೆಯ ಮದ್ದು ಬೆರೆಸಿರುತ್ತಾರೆ. ಎಚ್ಚರವಾದ ಮೇಲೆ ನಿಮೋ ಬಂದು, ನೀವು ವೈದ್ಯರಾ ಅಂತ ಕೇಳುತ್ತಾನೆ. ನಾವಿಕನೊಬ್ಬನ ತಲೆ ಒಡೆದಿದೆ, ಸಾಯುತ್ತಿದ್ದಾನೆ. ಏನಾಯಿತು ಅಂದರೆ ಯಂತ್ರದ ಸನ್ನೆಕೋಲು ಮುರಿದು ಬಡಿಯಿತು ಅನ್ನುತ್ತಾನೆ. ಅರೋನಾಗೆ ಅನುಮಾನವಿದೆ. ಆದರೂ ಮೇಲೆ ಕೇಳುವುದಿಲ್ಲ. ಸತ್ತವನನ್ನು ಹವಳದ ನಡುವೆ ಮಣ್ಣು ಮಾಡುವುದನ್ನು ನೋಡುತ್ತಾ ನಿಲ್ಲುತ್ತಾನೆ.

ಈಗ ನನ್ನ ವಿಷಯ. ಇಪ್ಪತ್ತೈದನೇ ವಯಸ್ಸಿಗೆ ನಾನು ಕೊಲ್ಲಿಯ ಒಂದು ನಗರಕ್ಕೆ ಲೆಕ್ಕ ಬರೆಯುವ ಕೆಲಸಕ್ಕೆ ಹೋದೆ. ಇಳಿದ ದಿನವೇ ಮಾಲೀಕ ಪಾಸ್‌ಪೋರ್ಟ್ ತೆಗೆದುಕೊಂಡು ಬೀಗ ಹಾಕಿದ. ಎಲ್ಲರದೂ ಹಾಗೆಯೇ. ಎರಡು ವರ್ಷದ ಕರಾರು ಮೂರೂವರೆ ವರ್ಷವಾಯಿತು. ಉಳಿದವರಿಗೆ ತಿಂಗಳುಗಟ್ಟಲೆ ಸಂಬಳ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಮಾಲೀಕ ನನ್ನ ಲೆಕ್ಕದ ಪುಸ್ತಕ ತೆಗೆದು ಬಂದವರಿಗೆಲ್ಲ ತೋರಿಸುತ್ತಿದ್ದ. ಇಷ್ಟು ಚೊಕ್ಕವಾಗಿ ಬರೆಯುವವನನ್ನು ನಾನು ನೋಡಿಲ್ಲ ಅನ್ನುತ್ತಿದ್ದ. ಅಪ್ಪ ಒಂದು ಸಲವೂ ಹಾಗೆ ಹೇಳಿದವರಲ್ಲ. ಆ ಮಾತಿಗಾಗಿ ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ.

ನನ್ನ ಕೋಣೆಯಲ್ಲಿ ಬೈಂದೂರಿನ ಹುಡುಗನೊಬ್ಬನಿದ್ದ, ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದ. ನನ್ನನ್ನು ಅಣ್ಣ ಅನ್ನುತ್ತಿದ್ದ. ಎಂಬೆಸಿಗೆ ಹೋಗಿ ದೂರು ಕೊಡೋಣ, ಪಾಸ್‌ಪೋರ್ಟ್ ಇಲ್ಲದೆಯೂ ಊರಿಗೆ ಹೋಗಲು ಔಟ್‌ಪಾಸ್ ಸಿಗುತ್ತೆ ಅಂತ ಅವನ ಹಟ. ಸಂಬಳದ ಲೆಕ್ಕ ನನ್ನ ಕೈಯಲ್ಲೇ ಇತ್ತಲ್ಲ, ಅದಕ್ಕೆ ನಾನು ಜೊತೆಗೆ ಬರಬೇಕಿತ್ತು. ಈ ತಿಂಗಳು ಬೇಡ ಅಂದೆ. ಯೋಚನೆ ಮಾಡಿ ಹೋಗಬೇಕು, ಒಂದು ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ ಅಂದೆ. ಎಷ್ಟು ಸರಿಯಾದ ಮಾತು ಅಲ್ವಾ? ಅದನ್ನೇ ನಾಲ್ಕು ತಿಂಗಳು ಹೇಳಿದೆ. ಆ ನಾಲ್ಕು ತಿಂಗಳಲ್ಲಿ ಊರಲ್ಲಿ ಅವನ ಅಕ್ಕನ ಮದುವೆ ಆಗಿಹೋಯಿತು.

ಊರಿಗೆ ಬಂದ ಮೇಲೆ, ಎಷ್ಟೋ ವರ್ಷ ಕಳೆದು ಈ ಕಾದಂಬರಿಯನ್ನು ಪೂರ್ತಿ ಓದಿದೆ. ಚಿಕ್ಕವನಿದ್ದಾಗ ಓದಿದ್ದು ಮಕ್ಕಳಿಗಾಗಿ ಮಾಡಿದ ಸಣ್ಣ ಪುಸ್ತಕ. ಅದರಲ್ಲಿ ದೊಡ್ಡ ಆಕ್ಟೋಪಸ್ಸಿನಂಥ ಪ್ರಾಣಿಯ ಜೊತೆ ಹೊಡೆದಾಟ ಮಾತ್ರ ನೆನಪು. ಪೂರ್ತಿ ಓದುವಾಗ ಅರೋನಾ ನೆಡ್‌ಗೆ ಹೇಳುವ ಒಂದು ಮಾತು ಕಣ್ಣಿಗೆ ಬಿತ್ತು: ಮೊದಲನೇ ಪ್ರಯತ್ನವೇ ಗೆಲ್ಲಬೇಕು, ಸೋತರೆ ಇನ್ನೊಂದು ಸಲ ಸಿಗುವುದಿಲ್ಲ. ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ.

ಹಾಗಾಗಿ ಯಾಕೆ ಓಡಿಹೋಗಲಿಲ್ಲ ಅಂತ ನನ್ನನ್ನು ಕೇಳಬೇಡಿ. ಅವನು ನೆಡ್‌ಗೆ ಏನು ಹೇಳಿದ ಅಂತ ಕೇಳಿ. ಒಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಮೆಡಿಟರೇನಿಯನ್ ಸಮುದ್ರಕ್ಕೆ ಬರುವ ಹೊತ್ತಿಗೆ ನೆಡ್ ನೇರವಾಗಿ ಕೇಳುತ್ತಾನೆ: ಇವತ್ತೇ ಕ್ಯಾಪ್ಟನ್ ಬಿಡುಗಡೆ ಮಾಡುತ್ತೇನೆ ಅಂದರೆ ಹೋಗುತ್ತೀರಾ? ಗೊತ್ತಿಲ್ಲ ಅನ್ನುತ್ತಾನೆ ಅರೋನಾ. ಇನ್ನೊಂದು ಸಲ ಬಿಡುವುದಿಲ್ಲ ಅಂದರೆ? ಅರೋನಾ ಉತ್ತರವನ್ನೇ ಕೊಡುವುದಿಲ್ಲ. ಕಾನ್ಸೇಯನ್ನು ಕೇಳಿದರೆ ಅವನು, ನನ್ನದೇನೂ ಅಭಿಪ್ರಾಯವಿಲ್ಲ, ಧಣಿಗಳು ಹೇಳಿದ ಹಾಗೆ ಅಂದುಬಿಡುತ್ತಾನೆ. ಕೊನೆಗೆ ಅರೋನಾ, ನೆಡ್ ಹೇಳುವುದೇ ಸರಿ ಅಂತ ಒಪ್ಪುತ್ತಾನೆ. ಆದರೆ ಒಳಗೊಳಗೆ ಇದು ಆಗುವ ಕೆಲಸವಲ್ಲ ಅಂತ ಅವನಿಗೆ ಸಮಾಧಾನ.

1868ರ ಫೆಬ್ರವರಿ 18. ಸ್ಪೇನ್ ಕರಾವಳಿ ಹತ್ತಿರವಿದೆ. ನೆಡ್ ಎಲ್ಲವನ್ನೂ ಸಿದ್ಧ ಮಾಡಿದ್ದಾನೆ. ಚಿಕ್ಕ ದೋಣಿಯಲ್ಲಿ ಹುಟ್ಟು ಇದೆ, ಹಾಯಿ ಇದೆ, ತಿನ್ನಲು ಒಂದಿಷ್ಟು ಕೂಡಿಟ್ಟಿದ್ದಾನೆ. ಬೋಲ್ಟು ಬಿಚ್ಚಲು ಸ್ಪ್ಯಾನರ್ ಕೂಡ ಎತ್ತಿಟ್ಟುಕೊಂಡಿದ್ದಾನೆ. ರಾತ್ರಿ ಒಂಬತ್ತಕ್ಕೆ ಹೊರಡುವುದು. ಅರೋನಾ ಆ ಸಂಜೆ ಏನು ಮಾಡಿದ ಗೊತ್ತಾ? ದೊಡ್ಡ ಹಾಲಿನಲ್ಲಿ ಚಿತ್ರಗಳನ್ನೂ ಚಿಪ್ಪುಗಳನ್ನೂ ನೋಡುತ್ತಾ ಓಡಾಡಿದ, ಊರು ಬಿಟ್ಟು ಗಡೀಪಾರಾಗುವವನ ಹಾಗೆ. ಸೆರೆಮನೆ ಅವನಿಗೆ ಮನೆಯಾಗಿತ್ತು. ಅಷ್ಟರಲ್ಲಿ ನಾಟಿಲಸ್ ಸಮುದ್ರತಳಕ್ಕೆ ಇಳಿದು ನಿಂತಿತು. ನಿಮೋ ಬಂದು, ಸ್ಪೇನಿನ ಇತಿಹಾಸ ಗೊತ್ತಾ ಅಂತ ಮಾತು ತೆಗೆದು, 1702ರಲ್ಲಿ ವಿಗೋ ಕೊಲ್ಲಿಯಲ್ಲಿ ಮುಳುಗಿದ ಹಡಗುಗಳ ಚಿನ್ನವನ್ನು ತನ್ನವರು ಎತ್ತುತ್ತಿರುವುದನ್ನು ತೋರಿಸಿದ. ಅದು ಜಗತ್ತಿನ ತುಳಿತಕ್ಕೊಳಗಾದವರಿಗೆ ಹೋಗುತ್ತದೆ ಅಂದ. ತಪ್ಪಿಸಿಕೊಳ್ಳುವುದು ಅಲ್ಲಿಗೆ ಮುಗಿಯಿತು.

ಮರುದಿನ ಅರೋನಾ ನೆಡ್‌ಗೆ ಆ ಚಿನ್ನದ ಕಥೆಯನ್ನೆಲ್ಲ ಹೇಳುತ್ತಾನೆ. ಯಾಕೆ ಹೇಳಿದೆ ಅಂತ ಅವನೇ ಬರೆದಿಟ್ಟಿದ್ದಾನೆ. ಇದನ್ನು ಕೇಳಿ ನೆಡ್ ತಪ್ಪಿಸಿಕೊಳ್ಳುವ ಯೋಚನೆ ಬಿಡಬಹುದು ಅನ್ನುವ ಗುಟ್ಟಿನ ಆಸೆಯಿಂದ. ಒಂದೂ ಸುಳ್ಳು ಹೇಳಲಿಲ್ಲ. ನಡೆದದ್ದನ್ನೇ ಹೇಳಿದ. ಆದರೂ ಅದು ಮೋಸ. ಸಾಹಸಕಥೆಗಳಲ್ಲಿ ಸೆರೆಯಾಳು ಕಾವಲುಗಾರನಿಗೆ ಸುಳ್ಳು ಹೇಳಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟಲೇಬೇಕು, ಅದರಲ್ಲಿ ತಪ್ಪೇನಿದೆ? ಕೂಡಿ ಹಾಕಿದವನಿಗೆ ನಿಜ ಹೇಳುವ ಸಾಲ ಯಾರ ಮೇಲೂ ಇಲ್ಲ. ಅರೋನಾ ನಿಮೋಗೆ ಹೆಚ್ಚು ಕಡಿಮೆ ನಿಷ್ಠನಾಗಿಯೇ ಇದ್ದ. ಅವನು ಮೋಸ ಮಾಡಿದ್ದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದವನಿಗೆ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ‘ನಿಮೋ ನಮ್ಮ ಟಿಪ್ಪುವಿನ ಸಂಬಂಧಿಯಂತೆ, ಹೌದಾ?’ ಹೌದು, ಕಥೆಯಲ್ಲಿ. ವರ್ನ್ ಮೊದಲು ನಿಮೋನನ್ನು ರಷ್ಯನ್ನರ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ಪ್ರಕಾಶಕ ಹೆಟ್ಸೆಲ್ ಒಪ್ಪಲಿಲ್ಲ. ಅದಕ್ಕೇ ಈ ಕಾದಂಬರಿಯಲ್ಲಿ ನಿಮೋಗೆ ಊರಿಲ್ಲ, ಅವನು ಮುಳುಗಿಸುವ ಹಡಗಿಗೆ ಬಾವುಟವಿಲ್ಲ. 1874-75ರಲ್ಲಿ ಬಂದ ಇನ್ನೊಂದು ಕಾದಂಬರಿಯಲ್ಲಿ ಅವನು ಬುಂದೇಲಖಂಡದ ರಾಜಕುಮಾರ ಡಾಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರಲ್ಲಿ ಹೋರಾಡಿ ಎಲ್ಲ ಕಳೆದುಕೊಂಡವನು. 1799ರಲ್ಲೇ ತೀರಿಕೊಂಡ ಟಿಪ್ಪುವಿಗೆ ಆ ವಯಸ್ಸಿನ ಸಂಬಂಧಿ ಹೇಗೆ ಅಂತ ಲೆಕ್ಕ ಹಾಕಲು ಹೋಗಬೇಡಿ.

ಟಿಪ್ಪುವಿನ ಹೆಸರು ಬಂದಾಗ ನನಗೆ ನೆನಪಾಗುವುದು ಅವನ ಇಬ್ಬರು ಗಂಡುಮಕ್ಕಳು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಅದು ತೀರುವ ತನಕ ಆ ಚಿಕ್ಕ ಹುಡುಗರು ಒತ್ತೆಯಾಳುಗಳು. ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅವರನ್ನು ಕೈಹಿಡಿದು ಬರಮಾಡಿಕೊಂಡು ಒಬ್ಬೊಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟ. ರಾಬರ್ಟ್ ಹೋಮ್‌ನಂಥ ಕಲಾವಿದರು ಆ ದೃಶ್ಯವನ್ನು ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದರು. ನೋಡಿದರೆ ಯಾರೋ ಮಾವ ಮನೆಗೆ ಬಂದ ಅಳಿಯಂದಿರನ್ನು ಮಾತಾಡಿಸುತ್ತಿದ್ದಾನೆ ಅನ್ನಿಸಬೇಕು. ಮಕ್ಕಳು ತಿರುಗಿ ಮನೆಗೆ ಬಂದದ್ದು 1794ರಲ್ಲಿ. ಗಡಿಯಾರ ಸಿಕ್ಕಿತಲ್ಲ, ಅದೆಂಥ ಸೆರೆ ಅಂತ ಆಗಲೂ ಯಾರಾದರೂ ಕೇಳಿದ್ದರೆ?

ನನಗೆ ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ದಕ್ಷಿಣ ಧ್ರುವದಿಂದ ಮರಳುವಾಗ ಬರುತ್ತದೆ. ಮಂಜುಗಡ್ಡೆಯ ಕೆಳಗೆ ನಾಟಿಲಸ್ ಸಿಕ್ಕಿಬಿದ್ದಿದೆ. ಗಾಳಿ ಮುಗಿದಿದೆ. ಅರೋನಾ ನೀಲಿಗಟ್ಟಿ ಬಿದ್ದಿದ್ದಾನೆ. ಆಗ ಒಂದು ಉಸಿರು ಒಳಗೆ ಹೋಗುತ್ತದೆ. ಉಪಕರಣವೊಂದರ ತಳದಲ್ಲಿ ಉಳಿದಿದ್ದ ಒಂದಿಷ್ಟು ಗಾಳಿಯನ್ನು ನೆಡ್ ಮತ್ತು ಕಾನ್ಸೇ ತಾವು ಉಸಿರಾಡದೆ ಅವನಿಗೆ ಇಟ್ಟಿದ್ದರು. ಬದುಕಿದ ಮೇಲೆ ಅರೋನಾ, ಈ ಋಣ ನಮ್ಮನ್ನು ಯಾವತ್ತಿಗೂ ಕಟ್ಟಿಹಾಕಿತು ಅನ್ನುತ್ತಾನೆ. ಆ ಋಣವನ್ನು ನಾನು ಬಳಸಿಕೊಳ್ಳುತ್ತೇನೆ ಅನ್ನುತ್ತಾನೆ ನೆಡ್. ಹೇಗೆ? ಈ ಹಾಳು ಹಡಗು ಬಿಡುವಾಗ ನಿಮ್ಮನ್ನೂ ಎಳೆದುಕೊಂಡು ಹೋಗುತ್ತೇನೆ.

ಅವನಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಪ್ರೊಫೆಸರಿಗೆ ಮನಸ್ಸಿಲ್ಲ, ಹೊತ್ತು ಕಳೆಯುತ್ತಿದ್ದಾನೆ ಅಂತ. ಆದರೂ ಉಸಿರು ಕೊಟ್ಟ. ಆದರೂ ಬಿಟ್ಟುಹೋಗುವುದಿಲ್ಲ ಅಂದ.

ಜೂನ್ 2ರಂದು ನಿಮೋ ಆ ಬಾವುಟವಿಲ್ಲದ ಯುದ್ಧನೌಕೆಯನ್ನು ಸೀಳಿ ಮುಳುಗಿಸುತ್ತಾನೆ. ಅರೋನಾ ಬೇಡಿಕೊಂಡ, ನಿಮೋ ಕೇಳಲಿಲ್ಲ. ಈ ಸಲ ನಿದ್ದೆಯ ಮದ್ದಿರಲಿಲ್ಲ. ನೀರಿನೊಳಗೆ ಜನ ಸಾಯುವುದನ್ನು ಅರೋನಾ ಅದೇ ಗಾಜಿನ ಕಿಟಕಿಯಲ್ಲಿ ನೋಡಿದ. ನಿಮೋ ತನ್ನ ಕೋಣೆಗೆ ಹೋಗಿ ಒಬ್ಬ ಹೆಂಗಸು ಮತ್ತು ಎರಡು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಅತ್ತ. ಅದನ್ನೂ ನೋಡಿದ. ಎರಡೂ ನಿಜ. ನಿಮೋನ ದುಃಖ ನಿಜ ಅಂತ ನಾನು ಮಕ್ಕಳಿಗೆ ಯಾವತ್ತೂ ಹೇಳುತ್ತೇನೆ. ನನ್ನ ಮಾಲೀಕನೂ ಮಗ ತೀರಿಕೊಂಡ ವರ್ಷ ನನ್ನೆದುರು ಅತ್ತಿದ್ದ. ಪಾಸ್‌ಪೋರ್ಟ್ ಮಾತ್ರ ಬೀಗದ ಒಳಗೇ ಇತ್ತು.

ಆಮೇಲೆ ಒಂದು ಬೆಳಿಗ್ಗೆ ಅರೋನಾ ಕಣ್ಣು ಬಿಟ್ಟಾಗ ನೆಡ್ ಅವನ ಮೇಲೆ ಬಗ್ಗಿ ಪಿಸುಗುಡುತ್ತಿದ್ದಾನೆ: ನಾವು ಹೊರಡುತ್ತಿದ್ದೇವೆ. ಯಾವಾಗ? ಇವತ್ತು ರಾತ್ರಿ. ಹತ್ತಿರ ಕಾಣುವ ನೆಲ ಯಾವುದು ಅಂತ ನೆಡ್‌ಗೂ ಗೊತ್ತಿಲ್ಲ. ಸಮುದ್ರ ಕೆರಳಿದೆ. ವಿಗೋದಲ್ಲಿ ನೂರು ಅನುಮಾನ ತೆಗೆದವನು ಈ ಸಲ ಒಂದೂ ತೆಗೆಯುವುದಿಲ್ಲ. ಸಮುದ್ರ ನುಂಗಿದರೂ ಸರಿ, ಹೋಗೋಣ ಅನ್ನುತ್ತಾನೆ.

ಈ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ. ಮಕ್ಕಳು ಅದನ್ನು ಗಮನಿಸಿದ್ದಾರೆ. ಕಥೆ ಮುಗಿಯಿತಲ್ಲ ಅಂತ ಬೇಜಾರು ಅಂದುಕೊಂಡಿದ್ದಾರೆ.

ನೆಡ್ ಬಂದು ಎಬ್ಬಿಸಿದ. ಅಷ್ಟೆಲ್ಲ ಆದ ಮೇಲೂ ಬಂದು ಎಬ್ಬಿಸಿದ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಎದ್ದಾಗ ಬೈಂದೂರಿನ ಹುಡುಗನ ಮಂಚ ಖಾಲಿ ಇತ್ತು. ಹೊದಿಕೆ ಮಡಚಿಟ್ಟಿದ್ದ. ನನ್ನ ಕೊಡದಲ್ಲಿ ನೀರು ತುಂಬಿಸಿಟ್ಟಿದ್ದ, ದಿನಾ ತುಂಬಿಸುವ ಹಾಗೆ. ನನ್ನನ್ನು ಎಬ್ಬಿಸಿರಲಿಲ್ಲ.