ತುಟಿಗೆ ಬಣ್ಣ ಕೂರಿಸಿದ ಮೇಲೆ ರಾತ್ರಿ ಕ್ರೀಮ್ ಎಲ್ಲಿಗೆ ನಿಲ್ಲಬೇಕು

ಮಡಿಕೇರಿ, 18 ಜನವರಿ 2025, ಶನಿವಾರ

ಅರೇಬಿಕಾ ಕಾಫಿ ಕೊಯ್ಲು ಮುಗಿಯುತ್ತ ಬಂತು, ರೋಬಸ್ಟಾ ಶುರುವಾಗಿದೆ. ಏಪ್ರಿಲ್, ಮೇ ತಿಂಗಳ ಮದುವೆಗಳಿಗೆಂದು ತುಟಿಗೆ ಸೂಜಿಯಿಂದ ಪರ್ಮನೆಂಟ್ ಬಣ್ಣ ಹಾಕಿಸಿಕೊಳ್ಳುವವರು ವಿಚಾರಿಸುವುದು ಇದೇ ಹೊತ್ತಿಗೆ. ಅವರಲ್ಲಿ ಬಹಳ ಜನರ ಮನೆಯಲ್ಲಿ ಆಗಲೇ ಒಂದಲ್ಲ ಒಂದು ಚಿಕಿತ್ಸೆ ನಡೆಯುತ್ತಿರುತ್ತದೆ. ಬಂಗಿಗೆ (ಮುಖದ ಕಪ್ಪು ಕಲೆಗೆ) ಕ್ರೀಮ್, ಮೊಡವೆಗೆ ಜೆಲ್, ಆನ್‌ಲೈನ್‌ನಲ್ಲಿ ತರಿಸಿದ ಸೀರಮ್. ಬಣ್ಣ ಹಾಕಿಸಿದರೆ ಇದನ್ನೆಲ್ಲ ಬಿಟ್ಟುಬಿಡಬೇಕಾ ಎಂಬುದು ಎಲ್ಲರ ಪ್ರಶ್ನೆ. ಬಿಡಬೇಕಿಲ್ಲ. ಕೆಲವು ವಾರ ನಿಲ್ಲಿಸಬೇಕು, ಆಮೇಲೆ ಬಾಯಿಯ ಸುತ್ತಲಿಂದ ದೂರ ಇಡಬೇಕು. ಎರಡನೆಯದೇ ಕಷ್ಟ, ಯಾಕೆಂದರೆ ಅದು ದಿನಾ ರಾತ್ರಿ ಮಾಡಬೇಕಾದ ಕೆಲಸ.

ಮೊದಲು ದಿನದ ಲೆಕ್ಕ. ಮೊದಲ ಸಿಟಿಂಗ್ ಆಗಿ 6ರಿಂದ 8 ವಾರಕ್ಕೆ ಟಚ್ ಅಪ್, ಅದು ಮಾಗಿ ನಿಜವಾದ ಬಣ್ಣ ಕಾಣಲು ಮತ್ತೆ 4ರಿಂದ 6 ವಾರ. ಏಪ್ರಿಲ್ ಮೂರನೇ ವಾರದ ಮದುವೆಗೆ ಇನ್ನೊಂದು ವಾರದೊಳಗೆ ಮೊದಲ ಸಿಟಿಂಗ್ ಆಗಿರಬೇಕು. ಆದರೆ ಚರ್ಮದ ಮೇಲ್ಪದರವನ್ನು ಬೇಗ ಕಳಚಿಸುವ ರೆಟಿನಾಲ್, ಟ್ರೆಟಿನೊಯಿನ್, ಅಡಾಪಲೀನ್ ಕ್ರೀಮ್ ಹಚ್ಚುವವರು ಸಿಟಿಂಗ್‌ಗೆ ಎರಡು ವಾರ ಮೊದಲೇ ನಿಲ್ಲಿಸಬೇಕು. ಗ್ಲೈಕೋಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆ್ಯಸಿಡ್‌ಗಳನ್ನು ಒಂದು ವಾರ ಮೊದಲು. ರೆಟಿನಾಲ್‌ನಂಥದ್ದನ್ನು ಇವತ್ತೂ ಹಚ್ಚುತ್ತಿರುವವರಿಗೆ ಆ ಮುಹೂರ್ತಕ್ಕೆ ಕೆಲಸ ಕೂಡಿಬರುವುದು ಕಷ್ಟ. ಒಂದೇ ಸಿಟಿಂಗ್‌ಗೆ ಒಪ್ಪಿಕೊಳ್ಳಬೇಕು, ಇಲ್ಲವೇ ಮದುವೆ ಮುಗಿದ ಮೇಲೆ ಬರಬೇಕು. ಅವಸರದಲ್ಲಿ ಮಾಡಿದ ತುಟಿಯನ್ನು ಸರಿಪಡಿಸುವುದಕ್ಕಿಂತ ಕಾಯುವುದೇ ಲೇಸು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿರುವವರ ವಿಷಯ ಬೇರೆ. ಕೋರ್ಸ್ ಮುಗಿದು 6 ತಿಂಗಳು ಕಳೆಯುವವರೆಗೆ ಬಣ್ಣ ಹಾಕುವ ನಾವು ಸೂಜಿ ಮುಟ್ಟಿಸುವುದಿಲ್ಲ. ಡಾಕ್ಟರು ಬರೆದುಕೊಟ್ಟ ಯಾವ ಔಷಧವನ್ನೂ ಅವರನ್ನು ಕೇಳದೆ ನಿಲ್ಲಿಸಬೇಡಿ.

ತುಟಿಯ ಚರ್ಮ ತೀರಾ ತೆಳು. ಬೆವರಿನ ಗ್ರಂಥಿ ಇಲ್ಲ, ಎಣ್ಣೆಯ ಗ್ರಂಥಿ ಇಲ್ಲವೆಂದೇ ಹೇಳಬಹುದು, ಹಾಗಾಗಿ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಕೆನ್ನೆ ತಡೆದುಕೊಳ್ಳುವ ಕ್ರೀಮ್ ಅಲ್ಲಿಗೆ ತಾಗಿದರೆ ಸಿಪ್ಪೆ ಏಳುತ್ತದೆ. ಬಣ್ಣ ಕೂರಬೇಕಾದ್ದು ಮೇಲ್ಪದರದ ಕೆಳಗೆ. ಒಂದಷ್ಟು ಮೇಲ್ಪದರದಲ್ಲೇ ನಿಂತಿರುತ್ತದೆ, ಅದು ಚರ್ಮದ ಜೊತೆಗೇ ಉದುರಿಹೋಗುತ್ತದೆ. ಪದೇ ಪದೇ ಉರಿಯೂತ ಆಗುತ್ತಿದ್ದರೆ ಕೆಳಗೆ ಕೂತ ಬಣ್ಣವೂ ಬೇಗ ತೆಳುವಾಗುತ್ತದೆ. ನಮ್ಮ ಮೈಬಣ್ಣದವರಿಗೆ ಇದರ ಜೊತೆ ಇನ್ನೊಂದು ತೊಂದರೆ: ಉರಿದ ಜಾಗ ಮಾಗುವಾಗ ಕಪ್ಪಾಗುತ್ತದೆ. ತುಟಿಯ ಸುತ್ತ ಕಪ್ಪು ಉಂಗುರ ಬಂದಾಗ ಬಹಳ ಜನ ಪಿಗ್ಮೆಂಟನ್ನು, ಎಂದರೆ ಹಾಕಿಸಿದ ಬಣ್ಣವನ್ನು ದೂರುತ್ತಾರೆ. ಎಷ್ಟೋ ಸಲ ಕಾರಣ ರಾತ್ರಿ ಹಚ್ಚಿದ ಕ್ರೀಮ್.

ಬಣ್ಣ ಹಾಕಿಸಿದ ಮೊದಲ 10 ದಿನ ಮುಖಕ್ಕೆಲ್ಲ ಸೌಮ್ಯವಾದ ಫೇಸ್‌ವಾಶ್ ಮತ್ತು ಸಾದಾ ಮಾಯಿಶ್ಚರೈಸರ್, ಅಷ್ಟೇ. ಹಣೆಗೆ ಮಾತ್ರ ಸೀರಮ್ ಹಚ್ಚುತ್ತೇನೆ ಎಂದರೂ, ಮುಖ ತೊಳೆದ ನೀರು ಇಳಿಯುವುದು ತುಟಿ ಮೇಲೆಯೇ. ಮೊದಲ ಎರಡು ದಿನ ಊತ, ಗಾಢ ಬಣ್ಣ. ಮೂರರಿಂದ ಆರನೇ ದಿನದೊಳಗೆ ಹಕ್ಕಳೆ ಏಳುತ್ತದೆ. ಅದನ್ನು ಕಿತ್ತರೆ ಆ ಜಾಗದ ಬಣ್ಣವೂ ಬರುತ್ತದೆ. ಸ್ನಾನದಮನೆಯಲ್ಲಿ ಹಂಡೆ ನೀರಿನ ಹಬೆ ತುಂಬಿಕೊಂಡರೆ ಹಕ್ಕಳೆ ನೆನೆದು ಹೊತ್ತಿಗೆ ಮೊದಲೇ ಕಳಚುತ್ತದೆ, ಆ ವಾರ ಬಾಗಿಲು ತೆರೆದಿಟ್ಟು ಬೇಗ ಸ್ನಾನ ಮುಗಿಸಿ. ಪಂದಿಕರಿ (ಕೊಡಗಿನ ಹಂದಿಮಾಂಸದ ಸಾರು) ಬೇಡ, ಕಾಚಂಪುಳಿಯ ಹುಳಿ, ಕರಿಮೆಣಸಿನ ಖಾರ ಎರಡೂ ಹಸಿ ತುಟಿಗೆ ಉರಿ. ಬೆಲ್ಲದ ಕಾಫಿ ಕುಡಿಯಬಹುದು, ಬಿಸಿ ಆರಿಸಿ ಕುಡಿಯಿರಿ. ಹಲ್ಲುಜ್ಜುವ ಮೊದಲು ತುಟಿಗೆ ತೆಳುವಾಗಿ ಆಯಿಂಟ್‌ಮೆಂಟ್ ಸವರಿಕೊಂಡರೆ ಪೇಸ್ಟಿನ ನೊರೆ ತಾಗುವುದಿಲ್ಲ. ಹಲ್ಲು ಬೆಳ್ಳಗಾಗಿಸುವ ಪೇಸ್ಟು, ಸ್ಟ್ರಿಪ್ಪು ಒಂದು ತಿಂಗಳು ಪಕ್ಕಕ್ಕಿರಲಿ. ಎರಡನೇ ವಾರದಲ್ಲಿ ಬಣ್ಣವೇ ಹೋಯಿತೇನೋ ಅನ್ನಿಸುವಷ್ಟು ತುಟಿ ಮಂಕಾಗುತ್ತದೆ. ಹೊಸ ಚರ್ಮದ ಪದರ ಮುಚ್ಚಿಕೊಂಡಿರುವುದರಿಂದ ಹಾಗೆ. ನಾಲ್ಕನೇ ವಾರದಿಂದ ಬಣ್ಣ ಮತ್ತೆ ಮೇಲೆ ಕಾಣುತ್ತದೆ.

ಮೊದಲು ಎಂದಾದರೂ ತುಟಿಗೆ ಜ್ವರದ ಗುಳ್ಳೆ ಎದ್ದವರಿಗೆ ಸೂಜಿಯ ಗಾಯದಿಂದ ಅದು ಮರುಕಳಿಸಬಹುದು. ಗುಳ್ಳೆ ಎದ್ದ ಕಡೆ ಬಣ್ಣ ನಿಲ್ಲುವುದಿಲ್ಲ. ಸಿಟಿಂಗ್‌ಗೆ ಮೊದಲೇ ಡಾಕ್ಟರಿಗೆ ಹೇಳಿ ವೈರಸ್ ತಡೆಯುವ ಮಾತ್ರೆ ಬರೆಸಿಕೊಳ್ಳಿ.

ನಾಲ್ಕು ವಾರ ಕಳೆದು, ತುಟಿಯಲ್ಲಿ ಎಲ್ಲೂ ಸಿಪ್ಪೆ, ಉರಿ ಇಲ್ಲದಿದ್ದರೆ ರಾತ್ರಿಯ ಕ್ರೀಮ್ ಮತ್ತೆ ಶುರು ಮಾಡಬಹುದು. ಇಲ್ಲಿ ಕ್ರಮ ತಪ್ಪಬಾರದು. ಮುಖ ತೊಳೆಯುವಾಗ ತುಟಿ ಮುಚ್ಚಿರಲಿ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಈಗ, ಬೇರೆ ಏನನ್ನೂ ಹಚ್ಚುವ ಮೊದಲು, ಎರಡು ಹೆಸರುಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ತೆಗೆದು ತುಟಿಗೆ, ತುಟಿಯ ಅಂಚು ದಾಟಿ 4 ಮಿಲಿಮೀಟರ್ ಹೊರಗಿನವರೆಗೆ, ಬಾಯಿಯ ಎರಡು ಮೂಲೆಗೂ ಸೇರಿಸಿ ಸವರಿ. ಕನ್ನಡಿಯಲ್ಲಿ ಮಿರಿಮಿರಿ ಹೊಳೆಯುವ ಪಟ್ಟಿ ಕಾಣಬೇಕು. 20 ನಿಮಿಷ ಬಿಟ್ಟು, ಚರ್ಮ ಪೂರ್ತಿ ಒಣಗಿದ ಮೇಲೆ ಕ್ರೀಮ್. ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು ಸಾಕು. ಹಣೆ, ಎರಡು ಕೆನ್ನೆ, ಗದ್ದದ ತುದಿಗೆ ಚುಕ್ಕಿಯಿಟ್ಟು ಹೊರಮುಖವಾಗಿ, ಕಿವಿಯ ಕಡೆಗೆ ಹರಡಿ. ಮೂಗಿಗೂ ಮೇಲ್ದುಟಿಗೂ ನಡುವಿನ ಜಾಗಕ್ಕೆ ಏನೂ ಬೇಡ. ಹಚ್ಚಿ ಅರ್ಧ ಗಂಟೆಯಾದರೂ ಬಿಟ್ಟು ಮಲಗಿ. ಹಸಿ ಕ್ರೀಮ್ ದಿಂಬಿಗೆ ಮೆತ್ತಿಕೊಳ್ಳುತ್ತದೆ, ಮಗ್ಗುಲು ಬದಲಿಸಿದಾಗ ಆ ದಿಂಬು ತುಟಿಗೆ ಉಜ್ಜುತ್ತದೆ. ಒಂದೇ ಮಗ್ಗುಲಲ್ಲಿ ಮಲಗುವವರ ತುಟಿಯ ಆ ಕಡೆಯ ಮೂಲೆ ಮೊದಲು ಮಂಕಾದರೆ ಇದೂ ಕಾರಣವಿರಬಹುದು.

ಕ್ರಮ ಉಲ್ಟಾ ಮಾಡಿದರೆ ಏನಾಗುತ್ತದೆ? ಮೊದಲು ಕ್ರೀಮ್, ಆಮೇಲೆ ಜೆಲ್ಲಿ ಎಂದರೆ ಅಂಚಿನಲ್ಲಿದ್ದ ಕ್ರೀಮನ್ನು ಬೆರಳೇ ತುಟಿಗೆ ಎಳೆದು ತರುತ್ತದೆ, ಮೇಲಿನಿಂದ ಜೆಲ್ಲಿ ಮುಚ್ಚಿ ಅದನ್ನು ಇನ್ನಷ್ಟು ಒಳಕ್ಕಿಳಿಸುತ್ತದೆ. ಏನೂ ಹಚ್ಚದೇ ಇರುವುದಕ್ಕಿಂತ ಅದು ಕೆಟ್ಟದ್ದು. ಕ್ರೀಮ್ ಹಚ್ಚಿದ ಬೆರಳಲ್ಲೇ ಲಿಪ್ ಬಾಮ್ ತೆಗೆಯುವುದೂ ಅದೇ ತಪ್ಪು, ಬಾಮಿನ ಡಬ್ಬಿಯೇ ರೆಟಿನಾಲ್ ಡಬ್ಬಿಯಾಗುತ್ತದೆ.

ನಯಾಸಿನಮೈಡ್, ಸೆರಮೈಡ್, ಹಯಲುರಾನಿಕ್ ಆ್ಯಸಿಡ್‌ಗೆ ಇಷ್ಟೆಲ್ಲ ಕಾವಲು ಬೇಡ. ವಿಟಮಿನ್ ಸಿ ಸೀರಮ್‌ಗೆ ಬೇಕು; ಆಸ್ಕಾರ್ಬಿಕ್ ಆ್ಯಸಿಡ್ ಇರುವ ಸೀರಮ್‌ನ ಪಿಎಚ್ ಸಾಮಾನ್ಯವಾಗಿ 3.5ಕ್ಕಿಂತ ಕೆಳಗಿರುತ್ತದೆ, ಎಂದರೆ ಅದು ತುಂಬಾ ಆಮ್ಲೀಯ. ಟವೆಲಿನ ಬಣ್ಣವನ್ನೇ ತೆಗೆಯುವ ಬೆಂಜಾಯಿಲ್ ಪೆರಾಕ್ಸೈಡ್ ತುಟಿಯನ್ನು ಒಣಗಿಸಿ ಸೀಳುತ್ತದೆ, ಗದ್ದದ ಮೊಡವೆಗೆ ಚುಕ್ಕಿಯಷ್ಟೇ ಇಡಿ. ಲಿಪ್ ಬಾಮ್ ಕೊಳ್ಳುವಾಗ ಹಿಂದಿನ ಸಣ್ಣಕ್ಷರ ಓದಿ: ಮೆಂಥಾಲ್, ಕರ್ಪೂರ, ಸ್ಯಾಲಿಸಿಲಿಕ್ ಆ್ಯಸಿಡ್ ಇದ್ದರೆ ವಾಪಸ್ ಇಡಿ. ಸಕ್ಕರೆ ಹಾಕಿ ತುಟಿ ಉಜ್ಜುವುದು, ನಿಂಬೆಹೋಳು ತಿಕ್ಕುವುದು ಬೇಡವೇ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ.

ಬಂಗಿನ ಕ್ರೀಮ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಟ್ಯೂಬುಗಳಲ್ಲಿ ಎಷ್ಟೋ ಮೂರು ಔಷಧ ಬೆರೆತವು: ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಜೊತೆಗೊಂದು ಸ್ಟೆರಾಯ್ಡ್. ಮೊದಲ ಕೆಲವು ವಾರ ಮುಖ ಬೆಳ್ಳಗೆ ಹೊಳೆಯುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಅಂಥ ಚರ್ಮಕ್ಕೆ ಸೂಜಿ ಹಾಕಿದರೆ ಹೆಚ್ಚು ರಕ್ತ ಜಿನುಗಿ ಬಣ್ಣವನ್ನು ಹೊರಗೆ ತಳ್ಳುತ್ತದೆ, ಗಾಯ ಮಾಗುವುದೂ ನಿಧಾನ. ಈ ಟ್ಯೂಬ್ ಹಚ್ಚುವ ವಿಷಯವನ್ನು ಪಾರ್ಲರಿನಲ್ಲಿ ಮುಚ್ಚಿಡಬೇಡಿ, ದಯವಿಟ್ಟು. ಚರ್ಮದ ಡಾಕ್ಟರಿಗೆ ತೋರಿಸಿದರೆ ಸ್ಟೆರಾಯ್ಡ್ ನಿಧಾನಕ್ಕೆ ಬಿಡಿಸಿ ಅಜಲೇಯಿಕ್ ಆ್ಯಸಿಡ್‌ನಂಥ ಬೇರೆ ದಾರಿ ತೋರಿಸಬಹುದು.

ಬಿಸಿಲು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ; ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಜಾಸ್ತಿ. ತೆಳು ಮಂಜು ಕವಿದ ದಿನವೂ ಅದರ ಬಹುಪಾಲು ಕೆಳಗಿಳಿಯುತ್ತದೆ, ತಂಪಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಹಕ್ಕಳೆ ಪೂರ್ತಿ ಉದುರಿದ ಮೇಲೆ, ಎಂದರೆ ಸುಮಾರು ಎರಡು ವಾರಕ್ಕೆ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಲಿಪ್ ಬಾಮ್ ಶುರು ಮಾಡಿ. ಝಿಂಕ್ ಆಕ್ಸೈಡ್ ಇರುವುದು ಉರಿ ಕಡಿಮೆ. ಎರಡು ಗಂಟೆಗೊಮ್ಮೆ, ಕಾಫಿ ಕುಡಿದ ಮೇಲೊಮ್ಮೆ ಹಚ್ಚಬೇಕು. ಅದಕ್ಕೆ ಮೊದಲು ಅಗಲ ಅಂಚಿನ ಟೊಪ್ಪಿಯೇ ಗತಿ. ತೋಟದಲ್ಲಿ ಧೂಳಿಗೆಂದು ಬಾಯಿಗೆ ಬಟ್ಟೆ ಬಿಗಿದುಕೊಳ್ಳುವವರು ಆ ಎರಡು ವಾರ ಸಡಿಲ ಕಟ್ಟಿ, ಹಸಿ ತುಟಿಗೆ ಬಟ್ಟೆಯ ತಿಕ್ಕಾಟ ಆಗದು. ಈ ತಿಂಗಳ ಒಣಗಾಳಿಗೆ ನಾಲಗೆ ತಾನಾಗಿ ತುಟಿಗೆ ಹೋಗುತ್ತದೆ, ಎಂಜಲು ಆರಿದಷ್ಟೂ ತುಟಿ ಒಣಗುತ್ತದೆ. ಬಾಮ್ ಜೇಬಿನಲ್ಲೇ ಇರಲಿ.

ಮಂಕಾದ ಜಾಗ ನೋಡಿದರೆ ಕಾರಣ ಊಹಿಸಬಹುದು. ಒಳಗಿನ ಒದ್ದೆ ಭಾಗದಲ್ಲಿ ಬಣ್ಣ ಹೋದರೆ ಅದು ಸಹಜ, ಅಲ್ಲಿ ಬಣ್ಣ ನಿಲ್ಲುವುದೇ ಇಲ್ಲ. ಒಂದೇ ಕಡೆ ಬೋಳು ಚುಕ್ಕೆ ಕಂಡರೆ ಹಕ್ಕಳೆ ಕಿತ್ತಿರಬೇಕು ಅಥವಾ ಗುಳ್ಳೆ ಎದ್ದಿರಬೇಕು. ಹೊರ ಅಂಚು ಸುತ್ತಲೂ ಸವೆದು ಪಕ್ಕದ ಚರ್ಮ ಸಿಪ್ಪೆ ಎದ್ದಿದ್ದರೆ ಕ್ರೀಮ್ ಹರಿದು ಬರುತ್ತಿದೆ. ಎರಡು ವಾರ ನಿಲ್ಲಿಸಿ, ಆಮೇಲೆ ವಾರಕ್ಕೆರಡು ರಾತ್ರಿಯಿಂದ ಶುರು ಮಾಡಿ.

ಬಣ್ಣ ಹಾಕಿಸಿದ ಮೇಲೆ ಮೇಲ್ದುಟಿಯ ಥ್ರೆಡಿಂಗ್‌ಗೆ ಎರಡು ವಾರ, ವ್ಯಾಕ್ಸ್ ಮತ್ತು ಬ್ಲೀಚ್‌ಗೆ ನಾಲ್ಕು ವಾರ ಕಾಯಿರಿ. ರೆಟಿನಾಲ್ ಹಚ್ಚುವವರು ಅಲ್ಲಿ ವ್ಯಾಕ್ಸ್ ಮಾಡಿಸಲೇಬಾರದು, ಚರ್ಮ ಕಿತ್ತು ಬರುತ್ತದೆ. ಡರ್ಮಾ ರೋಲರ್ (ಸಣ್ಣ ಸೂಜಿಗಳಿರುವ ಉರುಳೆ) ತುಟಿಯ ಅಂಚಿನಿಂದ ಒಂದು ಬೆರಳಗಲ ಹಿಂದೆಯೇ ನಿಲ್ಲಲಿ. ಕೂದಲು ತೆಗೆಯಲು ಮನೆಯಲ್ಲಿ ಬಳಸುವ, ಬೆಳಕು ಚಿಮ್ಮಿಸುವ ಐಪಿಎಲ್ ಯಂತ್ರವನ್ನು ಮೇಲ್ದುಟಿಗೆ ಹಿಡಿಯಬೇಡಿ. ಬೆಳಕನ್ನು ಪಿಗ್ಮೆಂಟ್ ಹೀರಿ ಬಿಸಿಯಾಗಿ ಸುಟ್ಟ ಗಾಯವಾಗಬಹುದು. ಆಸ್ಪತ್ರೆಯ ಲೇಸರ್ ಆದರೆ ಕೂರುವ ಮೊದಲೇ ತುಟಿಗೆ ಬಣ್ಣ ಹಾಕಿಸಿದ್ದೇನೆಂದು ಬಾಯಿಬಿಟ್ಟು ಹೇಳಿ. ತಿಳಿ ಗುಲಾಬಿ, ಪೀಚ್ ಛಾಯೆಗಳಲ್ಲಿ ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದುಂಟು, ಲೇಸರ್ ತಾಗಿದರೆ ಅವು ಕ್ಷಣದಲ್ಲಿ ಬೂದುಗಪ್ಪು ಬಣ್ಣಕ್ಕೆ ತಿರುಗಬಹುದು. ಆ ಕಪ್ಪನ್ನು ತೆಗೆಯಲು ಮತ್ತೆ ಹಲವು ಸಲ ಲೇಸರಿಗೇ ಕೂರಬೇಕಾಗುತ್ತದೆ.