70 ಮತ, ಒಂದು ಬೀಡಿ ಪಾಕೀಟು

2008ರ ಮೇ 25, ಮತ ಎಣಿಕೆಯ ದಿನ. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಅಪ್ಪನ ಫೋನ್ ಬಂತು. "ಧರ್ಮಸಿಂಗ್ ಸಾಹೇಬ್ರು ಬಿದ್ರು. ಬರೇ ಎಪ್ಪತ್ತು ಓಟಿಗೆ." ಅಷ್ಟೇ ಹೇಳಿ ಇಟ್ಟುಬಿಟ್ಟರು.

ಗುಲ್ಬರ್ಗ ಜಿಲ್ಲೆಯ ನಮ್ಮ ಜೇವರ್ಗಿಯವರಿಗೆ ಇದು ಸುಮ್ನೆ ಕೇಳಿ ಮರೆಯುವ ಸುದ್ದಿ ಅಲ್ಲ. 1978ರಿಂದ 2004ರ ತನಕ ಬಿಡದೆ ಏಳು ಸಲ ಅವರನ್ನೇ ಗೆಲ್ಲಿಸಿದ ಕ್ಷೇತ್ರ ನಮ್ಮದು. ನಾನು ಹುಟ್ಟಿದಾಗಲೂ ಅವರೇ ಎಮ್ಮೆಲ್ಲೆ, ನಾನು ಮೊದಲ ಸಲ ಮತ ಹಾಕಿದಾಗಲೂ ಅವರೇ ಎಮ್ಮೆಲ್ಲೆ.

ನಮ್ಮ ತಾಲ್ಲೂಕಿನ ನೆಲೋಗಿ ಅವರ ಊರು. ಹೈದರಾಬಾದಿನ ಉಸ್ಮಾನಿಯಾದಲ್ಲಿ ಎಂ.ಎ. ಓದಿ ಬಂದು, ಗುಲ್ಬರ್ಗ ನಗರಸಭೆ ಸದಸ್ಯರಾಗಿ ರಾಜಕೀಯ ಶುರು ಮಾಡಿದವರು. ಜಾತಿಯಿಂದ ರಜಪೂತರು. ಜೇವರ್ಗಿಯಲ್ಲಿ ಆ ಮನೆತನಗಳು ಎಷ್ಟಿವೆ ಹೇಳಿ? ಲಿಂಗಾಯತರು ಜಾಸ್ತಿ ಇರುವ ಕ್ಷೇತ್ರ ಇದು. ಜಾತಿ ಲೆಕ್ಕ ಹಾಕಿದರೆ ಅವರು ಒಂದು ಸಲವೂ ಗೆಲ್ಲಬಾರದಿತ್ತು. ಎಲ್ಲರೂ ಅವರನ್ನು ಅಜಾತಶತ್ರು ಅಂತ ಕರೆಯುತ್ತಿದ್ದುದು ಇದಕ್ಕೇ. ವಿರೋಧ ಪಕ್ಷದವರ ಬಾಯಲ್ಲೂ ಅದೇ ಮಾತು.

1980ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಗೆದ್ದಿದ್ದರು. ಕಾಂಗ್ರೆಸ್ ಪಕ್ಷ ಹೇಳಿತು ಅಂತ ಆ ಸ್ಥಾನವನ್ನು ಕೇರಳದ ಮುಖಂಡ ಸಿ.ಎಂ. ಸ್ಟೀಫನ್ ಅವರಿಗೆ ಬಿಟ್ಟುಕೊಟ್ಟರು. ಗೆದ್ದ ಸೀಟನ್ನು ಹಾಗೆ ಬಿಡುವವರು ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ.

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್, ಜೆಡಿಎಸ್ ಸೇರಿ ಮಾಡಿದ ರಾಜ್ಯದ ಮೊದಲ ಸಮ್ಮಿಶ್ರ ಸರ್ಕಾರ ನಡೆಸಲು ಸಿಕ್ಕಿದ್ದು ನಮ್ಮ ಜೇವರ್ಗಿಯವರು. ಮೇ 28ಕ್ಕೆ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡಾಗ ಊರಿನ ಹೋಟೆಲಿನ ಟಿವಿ ಮುಂದೆ ನಿಲ್ಲಲೂ ಜಾಗ ಇರಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ಇಪ್ಪತ್ತು ತಿಂಗಳಲ್ಲಿ ಆ ಸರ್ಕಾರ ಬಿತ್ತು.

ಆಮೇಲೆ 2008.

ಮುಂದಿನ ತಿಂಗಳು ಕಾರಹುಣ್ಣಿಮೆಗೆ ಊರಿಗೆ ಹೋದೆ. ಅಪ್ಪ ಅಂಗಿ ಜೇಬಿನಿಂದ ಒಂದು ಖಾಲಿ ಬೀಡಿ ಪಾಕೀಟು ತೆಗೆದರು. ಬಿಡಿಸಿ, ಹಿಂದಿನ ಬಿಳಿ ಕಡೆಗೆ ಪೆನ್ಸಿಲಿನಲ್ಲಿ ಹೆಸರು ಬರೆದಿಟ್ಟಿದ್ದರು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗಿ ಮತಕ್ಕೆ ಬಾರದವರ ಹೆಸರು. ನಮ್ಮ ಒಂದೇ ಓಣಿಯಲ್ಲಿ ಹತ್ತೊಂಬತ್ತು ಜನ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರೆ ಎರಡು ಗೀಟು.

ಮೊದಲನೆಯ ಹೆಸರು ನನ್ನದು.

"ರಜಾ ಕೊಡಲಿಲ್ಲ ಅಪ್ಪಾ" ಅಂದೆ. ಅದು ನಿಜವೂ ಆಗಿತ್ತು. ಅವರು ಬೈಯಲಿಲ್ಲ. "ಇಂಥಾ ಓಣಿ ನಾಕು ಸಾಕಿತ್ತು ನೋಡು" ಅಂದು ಪಾಕೀಟು ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡರು.

ಮರುವರ್ಷವೇ ಧರ್ಮಸಿಂಗ್ ಬೀದರಿನಿಂದ ಲೋಕಸಭೆಗೆ ಹೋದರು. 2013ರಲ್ಲಿ ಜೇವರ್ಗಿ ಅವರ ಮಗ ಅಜಯ್ ಸಿಂಗ್ ಅವರನ್ನು ಗೆಲ್ಲಿಸಿತು. 2017ರ ಜುಲೈ 27ಕ್ಕೆ ಸಾಹೇಬ್ರು ಹೋಗಿಬಿಟ್ಟರು.

2008ರ ನಂತರ ನಾನು ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. 2023ರ ಮೇ 9ರ ರಾತ್ರಿಯೂ ಬಸ್ಸು ಹತ್ತಿದ್ದೆ. ಬೆಳಗ್ಗೆ ಜೇವರ್ಗಿ ಸ್ಟ್ಯಾಂಡಿನಲ್ಲಿ ಅಪ್ಪ ಕಾಯುತ್ತಾ ನಿಂತಿದ್ದರು. ಯಾರಿಗೆ ಹಾಕ್ತಿ ಅಂತ ಅವರು ಯಾವತ್ತೂ ಕೇಳಿದವರಲ್ಲ. "ಚೀಟಿ ತಂದಿ ಇಲ್ಲೋ?" ಅಂತ ಮಾತ್ರ ಕೇಳಿದರು.